ಇಮಾಮ್ ಗಝ್ಝಾಲಿ(ರ): ಸಂಕಷ್ಟದಲ್ಲಿ ಮರಳಿ ಬೆಳಗಿದ ವಿಶ್ವಾಸ

ಸಂಕಷ್ಟ ಎಂಬ ಮಾತು ಕಿವಿಗೆ ಬಿದ್ದೊಡನೆ ನಿಮ್ಮ ಮನಸ್ಸಿಗೆ ಏನು ಬರುತ್ತದೆ? ಬಡತನ, ಸಾಲ, ರೋಗ, ಆಪ್ತರ ಅಗಲಿಕೆ, ಪರೀಕ್ಷೆಯ ಸೋಲು, ಕೈತಪ್ಪಿದ ಉದ್ಯೋಗ. ಇವೆಲ್ಲವೂ ನಿಜವಾದ ಕಷ್ಟಗಳೇ. ಆದರೆ ಹೊರಗಿನವರ ಕಣ್ಣಿಗೆ ಬೀಳದ ಇನ್ನೊಂದು ಕಷ್ಟವಿದೆ. ಹುದ್ದೆ ಇರುತ್ತದೆ, ಹಣ ಇರುತ್ತದೆ, ಎದುರಿಗೆ ಬಂದವರೆಲ್ಲ ಸಲಾಂ ಹೇಳಿ ಗೌರವಿಸುತ್ತಾರೆ. ಹೀಗಿದ್ದರೂ ಒಳಗೆ ಹೃದಯ ಬರಿದಾಗಿರುತ್ತದೆ. ತಾನು ಮಾಡುತ್ತಿರುವುದು ಯಾರಿಗಾಗಿ ಎಂಬ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ. ಸುಮಾರು ಒಂಬೈನೂರು ವರ್ಷಗಳ ಹಿಂದೆ ಇಂಥದೊಂದು ಸಂಕಷ್ಟಕ್ಕೆ ಸಿಲುಕಿ, ಅದರಿಂದ ಹೊಸ ಮನುಷ್ಯರಾಗಿ ಹೊರಬಂದ ಮಹಾನುಭಾವರೇ ಇಮಾಮ್ ಅಬೂ ಹಾಮಿದ್ ಮುಹಮ್ಮದ್ ಅಲ್ ಗಝ್ಝಾಲಿ(ರ).

ಹುಜ್ಜತುಲ್ ಇಸ್ಲಾಮ್, ಅಂದರೆ ಇಸ್ಲಾಮಿನ ಪುರಾವೆ ಎಂಬ ಬಿರುದಿನಿಂದ ಮುಸ್ಲಿಮ್ ಜಗತ್ತು ಅವರನ್ನು ಗುರುತಿಸುತ್ತದೆ. ನಮ್ಮ ಕರಾವಳಿಯ ಮುಸ್ಲಿಮರಲ್ಲಿ ಬಹುಪಾಲು ಜನರು ಅನುಸರಿಸುವ ಶಾಫಿಈ ಮದ್‌ಹಬ್‌ನ ಶ್ರೇಷ್ಠ ಕರ್ಮಶಾಸ್ತ್ರಜ್ಞರಲ್ಲಿ ಅವರೂ ಒಬ್ಬರು. ಅವರ ಹೆಸರನ್ನು ನೀವು ಭಾಷಣಗಳಲ್ಲಿ, ಖುತ್ಬಾಗಳಲ್ಲಿ ಹಲವು ಬಾರಿ ಕೇಳಿರಬಹುದು. ಅವರು ಎಷ್ಟು ದೊಡ್ಡ ವಿದ್ವಾಂಸರೆಂಬುದು ಎಲ್ಲರಿಗೂ ಗೊತ್ತಿರುವ ವಿಷಯ. ಆ ವಿದ್ವತ್ತೇ ಒಮ್ಮೆ ಅವರ ಪಾಲಿಗೆ ಹೇಗೆ ಭಾರವಾಯಿತು, ಆ ಭಾರವನ್ನು ಅವರು ಹೇಗೆ ಇಳಿಸಿಕೊಂಡರು ಎಂಬುದನ್ನು ಇಲ್ಲಿ ನೋಡೋಣ. ವಿದ್ಯೆಯನ್ನೇ ಉಸಿರಾಗಿಸಿಕೊಂಡ ಒಂದು ಸಂಘದ ಸದಸ್ಯರಿಗೂ ವಿದ್ಯಾರ್ಥಿಗಳಿಗೂ ಇದಕ್ಕಿಂತ ಹತ್ತಿರದ ವಿಷಯ ಇನ್ನೊಂದಿರಲಾರದು.

ಅನ್ನಕ್ಕಾಗಿ ಸೇರಿದ ಮದ್ರಸ

ಇಂದಿನ ಇರಾನ್ ದೇಶದ ಮಶ್‌ಹದ್ ನಗರದ ಸಮೀಪದಲ್ಲಿ ತೂಸ್ ಎಂಬ ಊರಿತ್ತು. ಅಂದು ಅದು ಖುರಾಸಾನ್ ಪ್ರಾಂತ್ಯಕ್ಕೆ ಸೇರಿತ್ತು. ಹಿಜರಿ 450ರಲ್ಲಿ, ಅಂದರೆ ಕ್ರಿ.ಶ. 1058ರ ಸುಮಾರಿಗೆ ಗಝ್ಝಾಲಿಯವರು ಅಲ್ಲಿ ಜನಿಸಿದರು. ತಂದೆ ಉಣ್ಣೆ ನೂತು ಮಾರಿ ಜೀವನ ನಡೆಸುತ್ತಿದ್ದ ಬಡವರು. ಸ್ವತಃ ಓದು ಬರಹ ಕಲಿಯದಿದ್ದರೂ ಉಲಮಾಗಳ ಸಭೆಗಳಲ್ಲಿ ಕುಳಿತು ಕೇಳುವುದೆಂದರೆ ಅವರಿಗೆ ಬಲು ಆಸೆ. ತನ್ನ ಮಕ್ಕಳಾದರೂ ವಿದ್ವಾಂಸರಾಗಲೆಂದು ಅವರು ಅಲ್ಲಾಹನಲ್ಲಿ ಅಂಗಲಾಚಿ ಬೇಡುತ್ತಿದ್ದರೆಂದು ಚರಿತ್ರೆಕಾರರು ಬರೆದಿದ್ದಾರೆ.

ಆ ತಂದೆಗೆ ಮಕ್ಕಳ ವಿದ್ವತ್ತನ್ನು ಕಣ್ಣಾರೆ ಕಾಣುವ ಭಾಗ್ಯ ಇರಲಿಲ್ಲ. ಮುಹಮ್ಮದ್ ಮತ್ತು ಅಹ್ಮದ್ ಎಂಬ ಇಬ್ಬರು ಗಂಡುಮಕ್ಕಳು ಚಿಕ್ಕವರಿರುವಾಗಲೇ ಅವರು ತೀರಿಕೊಂಡರು. ಸಾಯುವ ಮುನ್ನ ತಮ್ಮಲ್ಲಿದ್ದ ಸ್ವಲ್ಪ ಹಣವನ್ನು ಸೂಫಿ ಸ್ನೇಹಿತರೊಬ್ಬರ ಕೈಗಿತ್ತು, ಈ ಮಕ್ಕಳಿಗೆ ವಿದ್ಯೆ ಕಲಿಸಬೇಕೆಂದು ಕೇಳಿಕೊಂಡಿದ್ದರು. ಸ್ನೇಹಿತರು ಪ್ರಾಮಾಣಿಕರು. ಹಣ ಮುಗಿಯುವ ತನಕ ಕಲಿಸಿದರು. ಮುಗಿದ ಬಳಿಕ ಮುಚ್ಚುಮರೆಯಿಲ್ಲದೆ ಪರಿಸ್ಥಿತಿಯನ್ನು ತಿಳಿಸಿದರು. ತಾವೂ ಬಡವರು, ಮಕ್ಕಳನ್ನು ಸಾಕುವ ಶಕ್ತಿ ತಮಗಿಲ್ಲ. ಆದ್ದರಿಂದ ವಿದ್ಯಾರ್ಥಿಗಳಿಗೆ ಊಟ ವಸತಿ ಕೊಡುವ ಮದ್ರಸವೊಂದನ್ನು ಸೇರಿಕೊಳ್ಳುವುದೇ ಲೇಸು ಎಂದು ಸಲಹೆಯಿತ್ತರು.

ಹಾಸ್ಟೆಲಿನ ಉಚಿತ ಊಟ, ವಿದ್ಯಾರ್ಥಿವೇತನ, ದಾನಿಗಳ ನೆರವು ಇವುಗಳಿಂದ ಓದುತ್ತಿರುವ ವಿದ್ಯಾರ್ಥಿ ಮಿತ್ರರೇ, ಇದನ್ನು ಗಮನಿಸಿ. ಇಸ್ಲಾಮೀ ಜಗತ್ತಿನ ಅತಿ ದೊಡ್ಡ ಚಿಂತಕರಲ್ಲಿ ಒಬ್ಬರಾದವರು ಮದ್ರಸದ ಮೆಟ್ಟಿಲು ಹತ್ತಿದ್ದು ಹೊಟ್ಟೆಪಾಡಿಗಾಗಿ. ಇದನ್ನು ಅವರು ಮುಂದೆ ಎಂದೂ ಬಚ್ಚಿಡಲಿಲ್ಲ. ತಾವು ಅಲ್ಲಾಹನಲ್ಲದ ಬೇರೆ ಕಾರಣಕ್ಕಾಗಿ ವಿದ್ಯೆಯನ್ನು ಅರಸಿಕೊಂಡು ಹೋದರೂ, ವಿದ್ಯೆ ಮಾತ್ರ ಅಲ್ಲಾಹನಿಗಲ್ಲದೆ ಬೇರೆ ಯಾರಿಗೂ ಆಗಲು ಒಪ್ಪಲಿಲ್ಲ ಎಂಬ ಅರ್ಥದ ಮಾತನ್ನು ಅವರು ಆಡುತ್ತಿದ್ದರು. ಅವರ ಬದುಕಿನ ಸಾರವೆಲ್ಲ ಈ ಒಂದು ಮಾತಿನಲ್ಲಿ ಅಡಗಿದೆ.

ದರೋಡೆಕೋರ ಕಲಿಸಿದ ಪಾಠ

ತೂಸ್‌ನ ಕಲಿಕೆಯ ನಂತರ ಗಝ್ಝಾಲಿಯವರು ಜುರ್ಜಾನ್‌ಗೆ ಹೋದರು. ಅಲ್ಲಿ ಗುರುಗಳಿಂದ ಕೇಳಿದ್ದನ್ನೆಲ್ಲ ಶ್ರದ್ಧೆಯಿಂದ ಬರೆದಿಟ್ಟುಕೊಂಡರು. ಊರಿಗೆ ಮರಳುವಾಗ ದಾರಿಯಲ್ಲಿ ದರೋಡೆಕೋರರು ಕಾರವಾನಿನ ಮೇಲೆ ಬಿದ್ದು ಎಲ್ಲವನ್ನೂ ದೋಚಿದರು. ಗಝ್ಝಾಲಿಯವರ ಟಿಪ್ಪಣಿಗಳಿದ್ದ ಚೀಲವೂ ಹೋಯಿತು. ಯುವಕ ಗಝ್ಝಾಲಿ ಪ್ರಾಣದ ಹಂಗು ತೊರೆದು ಅವರ ಬೆನ್ನು ಹಿಡಿದರು. ಆ ಕಾಗದಗಳಿಂದ ನಿಮಗೇನೂ ಲಾಭವಿಲ್ಲ, ಅದರಲ್ಲಿ ನನ್ನ ವಿದ್ಯೆಯೆಲ್ಲ ಇದೆ, ಅದೊಂದನ್ನು ಕೊಟ್ಟುಬಿಡಿ ಎಂದು ಬೇಡಿಕೊಂಡರು. ದರೋಡೆಕೋರರ ನಾಯಕನಿಗೆ ನಗು ಬಂತು. ಚೀಲ ಕಿತ್ತುಕೊಂಡರೆ ಹೊರಟುಹೋಗುವ ವಿದ್ಯೆ ಅದೆಂಥ ವಿದ್ಯೆ ಎಂದು ಗೇಲಿ ಮಾಡಿ ಚೀಲವನ್ನು ಹಿಂದಿರುಗಿಸಿದ.

ಅವಮಾನವೆಂದು ಮರೆತುಬಿಡಬಹುದಾಗಿದ್ದ ಆ ಮಾತನ್ನು ಗಝ್ಝಾಲಿಯವರು ಅಲ್ಲಾಹನು ಆತನ ಬಾಯಿಂದ ಆಡಿಸಿದ ಉಪದೇಶವೆಂದೇ ಸ್ವೀಕರಿಸಿದರು. ಊರಿಗೆ ಬಂದವರೇ ಮೂರು ವರ್ಷ ಕುಳಿತು ಬರೆದುಕೊಂಡದ್ದೆಲ್ಲವನ್ನೂ ಕಂಠಪಾಠ ಮಾಡಿದರು. ಕಾಗದದಿಂದ ವಿದ್ಯೆ ತಲೆಗೆ ಬಂತು. ತಲೆಯಿಂದ ಹೃದಯಕ್ಕೆ ಇಳಿಯಲು ಇನ್ನೂ ಬಹಳ ವರ್ಷಗಳು ಬೇಕಿದ್ದವು.

ಕೀರ್ತಿಯ ಶಿಖರ

ಮುಂದೆ ಅವರು ನೈಶಾಪೂರಿಗೆ ಹೋಗಿ, ಆ ಕಾಲದ ಅತಿ ದೊಡ್ಡ ವಿದ್ವಾಂಸರಾಗಿದ್ದ ಇಮಾಮುಲ್ ಹರಮೈನ್ ಅಲ್ ಜುವೈನಿಯವರ ಶಿಷ್ಯರಾದರು. ಕರ್ಮಶಾಸ್ತ್ರ, ತರ್ಕ, ಧರ್ಮಸಿದ್ಧಾಂತ ಎಲ್ಲದರಲ್ಲೂ ಪಾರಂಗತರಾದರು. 1085ರಲ್ಲಿ ಗುರುಗಳು ನಿಧನರಾದ ಬಳಿಕ ಸೆಲ್ಜೂಕ್ ಸಾಮ್ರಾಜ್ಯದ ಪ್ರಸಿದ್ಧ ವಝೀರ್ ನಿಝಾಮುಲ್ ಮುಲ್ಕ್‌ರ ಆಸ್ಥಾನ ಸೇರಿದರು. ಅಲ್ಲಿ ವಿದ್ವಾಂಸರ ನಡುವೆ ನಡೆಯುತ್ತಿದ್ದ ವಾದಗಳಲ್ಲಿ ಗಝ್ಝಾಲಿಯವರನ್ನು ಸೋಲಿಸುವವರು ಇರಲಿಲ್ಲ.

ನಿಝಾಮುಲ್ ಮುಲ್ಕ್ ಹಲವು ನಗರಗಳಲ್ಲಿ ನಿಝಾಮಿಯ್ಯ ಎಂಬ ಹೆಸರಿನ ವಿದ್ಯಾಲಯಗಳನ್ನು ಕಟ್ಟಿಸಿದ್ದರು. ಅವುಗಳಲ್ಲಿ ಬಗ್ದಾದಿನದು ಅತ್ಯಂತ ಹೆಸರುವಾಸಿ. 1091ರಲ್ಲಿ ಅದರ ಮುಖ್ಯ ಅಧ್ಯಾಪಕರಾಗಿ ಗಝ್ಝಾಲಿಯವರನ್ನು ನೇಮಿಸಲಾಯಿತು. ಆಗ ಅವರ ವಯಸ್ಸು ಸುಮಾರು 33. ಮುನ್ನೂರು ವಿದ್ಯಾರ್ಥಿಗಳಿಗೆ ಅವರು ಪಾಠ ಹೇಳುತ್ತಿದ್ದರು. ಖಲೀಫರ ಅರಮನೆಯಲ್ಲೂ ಅವರ ಮಾತಿಗೆ ಬೆಲೆಯಿತ್ತು. ಅಧ್ಯಾಪನದ ನಡುವೆ ಬಿಡುವು ಮಾಡಿಕೊಂಡು ಗ್ರೀಕ್ ತತ್ವಶಾಸ್ತ್ರದ ಹಾದಿ ಹಿಡಿದ ದಾರ್ಶನಿಕರ ಗ್ರಂಥಗಳನ್ನು ಗುರುಗಳ ನೆರವಿಲ್ಲದೆ ತಾವೇ ಓದಿ ಅರಗಿಸಿಕೊಂಡರು. ಮೊದಲು ಅವರ ವಾದಗಳನ್ನು ನಿಷ್ಪಕ್ಷಪಾತವಾಗಿ ವಿವರಿಸಿದರು. ಅನಂತರ ತಹಾಫುತುಲ್ ಫಲಾಸಿಫ ಎಂಬ ಗ್ರಂಥದಲ್ಲಿ ಅವುಗಳ ದೌರ್ಬಲ್ಯವನ್ನು ಎತ್ತಿ ತೋರಿಸಿದರು.

ಹೊರಗಿನಿಂದ ನೋಡಿದರೆ ಇದಕ್ಕಿಂತ ಹೆಚ್ಚಿನ ಯಶಸ್ಸು ಇನ್ನೇನು ಬೇಕು? ಅನಾಥ ಬಾಲಕ ಬಗ್ದಾದಿನ ಗಣ್ಯರಲ್ಲಿ ಗಣ್ಯರಾಗಿದ್ದರು. ಆದರೆ ಅವರ ಒಡನಾಟವಿದ್ದ ನೈಶಾಪೂರಿನ ಚರಿತ್ರೆಕಾರ ಅಬ್ದುಲ್ ಗಾಫಿರ್ ಅಲ್ ಫಾರಿಸಿಯವರು ಒಂದು ಸತ್ಯವನ್ನು ದಾಖಲಿಸಿದ್ದಾರೆ. ಆ ದಿನಗಳಲ್ಲಿ ಗಝ್ಝಾಲಿಯವರಿಗೆ ತಮ್ಮ ಬುದ್ಧಿ ಮತ್ತು ವಾಕ್ಚಾತುರ್ಯದ ಬಗ್ಗೆ ಅಹಂ ಇತ್ತು. ಇತರರನ್ನು ಅವರು ಕೀಳಾಗಿ ಕಾಣುತ್ತಿದ್ದರು.

ಸುತ್ತಲಿನ ರಾಜಕೀಯ ಪರಿಸ್ಥಿತಿಯೂ ಕದಡಿತ್ತು. 1092ರಲ್ಲಿ ನಿಝಾಮುಲ್ ಮುಲ್ಕ್‌ರ ಕೊಲೆಯಾಯಿತು. ಸುಮಾರು ಒಂದು ತಿಂಗಳಲ್ಲೇ ಸುಲ್ತಾನ್ ಮಲಿಕ್ ಷಾ ತೀರಿಕೊಂಡರು. 1094ರಲ್ಲಿ ಖಲೀಫ ಅಲ್ ಮುಖ್ತದಿಯವರೂ ಇಲ್ಲವಾದರು. ಆಶ್ರಯ ಕೊಟ್ಟವರೆಲ್ಲ ಎರಡೇ ವರ್ಷಗಳಲ್ಲಿ ಒಬ್ಬರ ಹಿಂದೆ ಒಬ್ಬರಂತೆ ಹೊರಟುಹೋದರು. ಇಹಲೋಕದ ಆಸರೆಗಳು ಎಷ್ಟು ಬೇಗ ಕುಸಿಯುತ್ತವೆ ಎಂಬುದನ್ನು ಗಝ್ಝಾಲಿಯವರು ತೀರ ಹತ್ತಿರದಿಂದ ಕಂಡರು.

ನಾಲಿಗೆ ಕಟ್ಟಿಹೋದ ದಿನಗಳು

ಮುಂದಿನ ಘಟನೆಗಳನ್ನು ಗಝ್ಝಾಲಿಯವರೇ ತಮ್ಮ ಅಲ್ ಮುನ್‌ಖಿದ್ ಮಿನದ್ದಲಾಲ್ ಎಂಬ ಗ್ರಂಥದಲ್ಲಿ ಹೇಳಿಕೊಂಡಿದ್ದಾರೆ. ಸತ್ಯದ ಹುಡುಕಾಟ ಅವರಿಗೆ ಹೊಸದಾಗಿರಲಿಲ್ಲ. ಹಿಂದೊಮ್ಮೆ ಸುಮಾರು ಎರಡು ತಿಂಗಳ ಕಾಲ ಅವರನ್ನು ಸಂಶಯದ ರೋಗ ಕಾಡಿತ್ತು. ಕಣ್ಣು ಕಂಡದ್ದನ್ನೂ ಬುದ್ಧಿ ಹೇಳಿದ್ದನ್ನೂ ನಂಬಲಾಗದ ಸ್ಥಿತಿ ಅದು. ಯಾವ ತರ್ಕವೂ ಅವರನ್ನು ಅದರಿಂದ ಬಿಡಿಸಲಿಲ್ಲ. ಅಲ್ಲಾಹನು ಅವರ ಎದೆಗೆ ಹಾಕಿದ ಒಂದು ಬೆಳಕು ಬಿಡಿಸಿತು ಎಂದು ಅವರು ಬರೆಯುತ್ತಾರೆ.

ಈಗ ಬಂದ ಕಷ್ಟ ಬೇರೆ ಬಗೆಯದು. ಅಬೂ ತಾಲಿಬ್ ಅಲ್ ಮಕ್ಕೀ, ಹಾರಿಸ್ ಅಲ್ ಮುಹಾಸಿಬಿ ಮೊದಲಾದ ಸೂಫಿ ವಿದ್ವಾಂಸರ ಗ್ರಂಥಗಳನ್ನು ಓದಿದಾಗ ಅವರಿಗೆ ಒಂದು ವಿಷಯ ಸ್ಪಷ್ಟವಾಯಿತು. ಆರೋಗ್ಯದ ಲಕ್ಷಣಗಳನ್ನು ತಿಳಿಯುವುದು ಬೇರೆ, ಆರೋಗ್ಯವಂತನಾಗಿರುವುದು ಬೇರೆ. ಕಾಯಿಲೆ ಬಿದ್ದ ವೈದ್ಯನಿಗೆ ಔಷಧಿಗಳೆಲ್ಲ ಗೊತ್ತಿರುತ್ತವೆ, ಆರೋಗ್ಯ ಮಾತ್ರ ಇರುವುದಿಲ್ಲ. ಹಾಗೆಯೇ ವೈರಾಗ್ಯದ ವ್ಯಾಖ್ಯಾನ ಬಲ್ಲವರೆಲ್ಲ ವಿರಾಗಿಗಳಲ್ಲ. ಅಲ್ಲಾಹನ ಭಯದ ಕುರಿತು ಪಾಠ ಹೇಳುವವರಲ್ಲೆಲ್ಲ ಆ ಭಯ ಇರುತ್ತದೆಂದೂ ಅಲ್ಲ.

ಈ ಬೆಳಕಿನಲ್ಲಿ ಅವರು ತಮ್ಮ ಬದುಕಿನ ಲೆಕ್ಕ ತೆಗೆದರು. ತಾನು ಮಾಡುತ್ತಿರುವ ಕೆಲಸಗಳಲ್ಲಿ ಅತ್ಯುತ್ತಮವಾದದ್ದು ಅಧ್ಯಾಪನ. ಆ ಅಧ್ಯಾಪನದ ನಿಯ್ಯತ್ ಏನು? ಉತ್ತರ ಅವರನ್ನೇ ನಡುಗಿಸಿತು. ಅದು ಅಲ್ಲಾಹನ ಸಂಪ್ರೀತಿಗಾಗಿ ಇರಲಿಲ್ಲ. ಕೀರ್ತಿಯ ಆಸೆ, ದೊಡ್ಡವನೆನಿಸಿಕೊಳ್ಳುವ ಹಂಬಲ ಅದರ ಹಿಂದಿತ್ತು. ಕುಸಿಯುತ್ತಿರುವ ದಡದ ಅಂಚಿನಲ್ಲಿ ನಿಂತಿದ್ದೇನೆ, ಈಗಲೇ ತಿದ್ದಿಕೊಳ್ಳದಿದ್ದರೆ ನರಕಾಗ್ನಿಯೇ ಗತಿ ಎಂದು ಅವರಿಗೆ ಖಚಿತವಾಯಿತು.

ಖಚಿತವಾದ ಮಾತ್ರಕ್ಕೆ ಬಿಟ್ಟು ಹೊರಡಲು ಸಾಧ್ಯವೇ? ಬೆಳಿಗ್ಗೆ ಹೊರಡುವ ನಿರ್ಧಾರ ಮಾಡಿದರೆ ಸಂಜೆಗೆ ಅದು ಕರಗುತ್ತಿತ್ತು. ಒಂದು ಹೆಜ್ಜೆ ಮುಂದಿಟ್ಟರೆ ಇನ್ನೊಂದು ಹಿಂದಕ್ಕೆ ಸರಿಯುತ್ತಿತ್ತು. ಈಮಾನ್ ಅವರನ್ನು ಹೊರಡು ಎಂದು ಕೂಗುತ್ತಿತ್ತು. ಇದು ಕ್ಷಣಿಕ ಮನಸ್ಥಿತಿ, ಇಷ್ಟು ದೊಡ್ಡ ಸ್ಥಾನವನ್ನು ಬಿಟ್ಟರೆ ಮತ್ತೆ ಸಿಗದು ಎಂದು ಶೈತಾನ್ ಕಿವಿಯೂದುತ್ತಿದ್ದ. ಹಿಜರಿ 488ರ ರಜಬ್ ತಿಂಗಳಿಂದ, ಅಂದರೆ 1095ರ ಜುಲೈನಿಂದ ಸುಮಾರು ಆರು ತಿಂಗಳು ಹೀಗೆಯೇ ಕಳೆದರು.

ಕೊನೆಗೆ ದೇಹವೇ ಸೋತಿತು. ಪಾಠ ಹೇಳಲು ಕುಳಿತರೆ ನಾಲಿಗೆ ಏಳುತ್ತಿರಲಿಲ್ಲ. ಶಿಷ್ಯರ ಮನಸ್ಸಿಗೆ ಸಮಾಧಾನವಾಗಲೆಂದು ಒಂದು ದಿನವಾದರೂ ಪಾಠ ಹೇಳಲು ಹೆಣಗಾಡಿದರು, ಒಂದೇ ಒಂದು ಪದ ಹೊರಡಲಿಲ್ಲ. ಆ ದುಃಖ ಹೊಟ್ಟೆಗೂ ಇಳಿಯಿತು. ಗಂಜಿಯೂ ಜೀರ್ಣವಾಗದು, ಒಂದು ತುತ್ತೂ ಗಂಟಲಲ್ಲಿ ಇಳಿಯದು. ವೈದ್ಯರು ಬಂದು ಪರೀಕ್ಷಿಸಿದರು. ಇದು ಹೃದಯದಲ್ಲಿ ಹುಟ್ಟಿ ದೇಹಕ್ಕೆ ಹರಡಿದ ಬೇನೆ, ಒಳಗಿನ ಕೊರಗು ತೀರದೆ ಔಷಧಿ ನಾಟದು ಎಂದು ಕೈಚೆಲ್ಲಿದರು.

ಇಲ್ಲಿ ಒಂದು ಮಾತು ಹೇಳಲೇಬೇಕು. ಗಝ್ಝಾಲಿಯವರು ತಮ್ಮ ಕಾಯಿಲೆಯನ್ನು ಬಚ್ಚಿಡಲಿಲ್ಲ, ವೈದ್ಯರನ್ನು ದೂರವಿಡಲೂ ಇಲ್ಲ. ಮನಸ್ಸಿನ ಭಾರ ಮಿತಿಮೀರಿದಾಗ ಊಟ ನಿದ್ದೆ ಮಾತು ಎಲ್ಲವೂ ಕೆಡುತ್ತವೆ ಎಂಬುದು ಇಂದಿನ ವೈದ್ಯರಿಗೂ ಗೊತ್ತು. ನಿಮಗೋ ನಿಮ್ಮ ಸಹಪಾಠಿಗೋ ಅಂಥ ಸ್ಥಿತಿ ಬಂದರೆ ಅದನ್ನು ಈಮಾನಿನ ಕೊರತೆ ಎಂದು ಹಳಿಯಬೇಡಿ. ವೈದ್ಯರ ಬಳಿ ಹೋಗುವುದೂ ದುಆ ಮಾಡುವುದೂ ಒಂದಕ್ಕೊಂದು ವಿರುದ್ಧವಲ್ಲ.

ಅಸಹಾಯಕನ ಪ್ರಾರ್ಥನೆ

ವಾದದಲ್ಲಿ ಎಲ್ಲರನ್ನೂ ಸೋಲಿಸಿದವರಿಗೆ ಈಗ ಮಾತೇ ಇಲ್ಲ. ಪುಸ್ತಕಗಳನ್ನು ಬರೆದವರಿಗೆ ಈಗ ಪುಸ್ತಕಗಳಲ್ಲಿ ಪರಿಹಾರವಿಲ್ಲ. ತನ್ನ ಶಕ್ತಿಯೆಲ್ಲ ಮುಗಿಯಿತೆಂದು ಅರಿವಾದಾಗ, ಬೇರೆ ಯಾವ ದಾರಿಯೂ ಇಲ್ಲದವನಂತೆ ಗಝ್ಝಾಲಿಯವರು ಅಲ್ಲಾಹನ ಮುಂದೆ ಬಿದ್ದರು. ಕಂಗೆಟ್ಟವನು ಮೊರೆಯಿಟ್ಟಾಗ ಓಗೊಡುವ ಆ ಕರುಣಾಮಯನು ಅವರ ಮೊರೆಗೂ ಓಗೊಟ್ಟನು. ಆರು ತಿಂಗಳಿಂದ ಬಿಡಲಾಗದಿದ್ದ ಕೀರ್ತಿ, ಸಂಪತ್ತು, ಸ್ನೇಹಿತರು ಇವನ್ನೆಲ್ಲ ಬಿಡುವುದು ಹೃದಯಕ್ಕೆ ಹಗುರವಾಯಿತು.

ಓದುಗರೇ, ಗಝ್ಝಾಲಿಯವರನ್ನು ಆ ಸಂಕಷ್ಟದಿಂದ ಎತ್ತಿದ್ದು ಅವರ ವಿದ್ವತ್ತಲ್ಲ. ಮದ್ರಸದ ಮೊದಲ ತರಗತಿಯ ಮಗುವೂ ಕಲಿಯುವ ದುಆ ಅವರನ್ನು ಎತ್ತಿತು. ಅವರ ಬದುಕು ಹೊಸದಾಗಿ ಆರಂಭವಾದದ್ದು ಇಲ್ಲಿಂದ.

ಹಜ್ಜ್‌ಗೆ ಹೋಗುತ್ತೇನೆಂದು ಜನರಿಗೆ ತಿಳಿಸಿ, 1095ರ ನವೆಂಬರ್ ಸುಮಾರಿಗೆ ಅವರು ಬಗ್ದಾದ್ ಬಿಟ್ಟರು. ಖಲೀಫರೂ ಸ್ನೇಹಿತರೂ ತಡೆದಾರೆಂಬ ಕಾರಣಕ್ಕೆ ಶಾಮ್ ದೇಶದಲ್ಲಿ ನೆಲೆಸುವ ಇರಾದೆಯನ್ನು ಹೊರಗೆಡವಲಿಲ್ಲ. ಮಕ್ಕಳ ಪೋಷಣೆಗೆ ಬೇಕಾದಷ್ಟನ್ನು ಇಟ್ಟು ಉಳಿದ ಸಂಪತ್ತನ್ನು ಹಂಚಿಬಿಟ್ಟರು. ನಿಝಾಮಿಯ್ಯದ ಪಾಠವನ್ನು ತಮ್ಮ ಅಹ್ಮದ್‌ಗೆ ಒಪ್ಪಿಸಿದರು. ಕುಟುಂಬವನ್ನು ಬೀದಿಪಾಲು ಮಾಡಿ, ವಿದ್ಯಾರ್ಥಿಗಳನ್ನು ನಡುನೀರಿನಲ್ಲಿ ಕೈಬಿಟ್ಟು ಅವರು ಹೋಗಲಿಲ್ಲ ಎಂಬುದನ್ನು ನೆನಪಿಡಿ.

ಜನರು ಬಾಯಿಗೆ ಬಂದಂತೆ ಮಾತಾಡಿದರು. ಅಧಿಕಾರಸ್ಥರ ಭಯದಿಂದ ಓಡಿಹೋದರೆಂದು ದೂರದವರು ಊಹಿಸಿದರು. ಅಧಿಕಾರಸ್ಥರು ಅವರನ್ನು ಉಳಿಸಿಕೊಳ್ಳಲು ಎಷ್ಟು ಒತ್ತಾಯಿಸಿದ್ದರೆಂದು ಹತ್ತಿರದಿಂದ ಕಂಡವರು ಇಸ್ಲಾಮಿಗೆ ಯಾರದೋ ಕೆಟ್ಟ ದೃಷ್ಟಿ ತಾಗಿದೆ ಎಂದು ಮರುಗಿದರು. ಇರಾಕ್‌ನ ವಿದ್ವಾಂಸರಲ್ಲಿ ಹಲವರಿಗೆ ಇದೊಂದು ಒಗಟಾಗಿತ್ತು. ಧರ್ಮದಲ್ಲಿ ಅದಕ್ಕಿಂತ ಎತ್ತರದ ಸ್ಥಾನವಿಲ್ಲವೆಂದು ಅವರು ನಂಬಿದ್ದರು. ಅಂಥ ಸ್ಥಾನವನ್ನು ಧರ್ಮಕ್ಕಾಗಿಯೇ ಬಿಡುವುದುಂಟೆಂದು ಅವರಿಗೆ ತೋಚಲೇ ಇಲ್ಲ.

ಮಿನಾರದ ಏಕಾಂತ

ದಮಾಸ್ಕಸ್‌ನ ಉಮಯ್ಯದ್ ಜಾಮಿಅ ಮಸೀದಿಯ ಮಿನಾರವನ್ನು ಹತ್ತಿ, ಬಾಗಿಲು ಹಾಕಿಕೊಂಡು ಅವರು ದಿನವಿಡೀ ಏಕಾಂತದಲ್ಲಿ ಇರುತ್ತಿದ್ದರು. ಅನಂತರ ಬೈತುಲ್ ಮುಖದ್ದಸ್‌ಗೆ ತೆರಳಿ ಅಲ್ಲಿಯೂ ಇಬಾದತ್, ದಿಕ್ರ್‌ಗಳಲ್ಲಿ ದಿನ ಕಳೆದರು. ಅಲ್ಲಿಂದ ಅಲ್ ಖಲೀಲ್, ಅಂದರೆ ಹೆಬ್ರಾನ್ ಪಟ್ಟಣಕ್ಕೆ ಹೋದರು. ಪ್ರವಾದಿ ಇಬ್ರಾಹೀಮ್(ಅ)ರ ಸಮಾಧಿಯ ಸನ್ನಿಧಿಯಲ್ಲಿ 1096ರಲ್ಲಿ ಮೂರು ಪ್ರತಿಜ್ಞೆಗಳನ್ನು ಮಾಡಿದರು. ಸುಲ್ತಾನರ ಬಾಗಿಲಿಗೆ ಹೋಗುವುದಿಲ್ಲ, ಸುಲ್ತಾನರ ಹಣ ಮುಟ್ಟುವುದಿಲ್ಲ, ಗೆಲ್ಲುವ ಹಟಕ್ಕಾಗಿ ವಾದ ಮಾಡುವುದಿಲ್ಲ. ಗಮನಿಸಿದಿರಾ? ಬಗ್ದಾದಿನಲ್ಲಿ ಅವರನ್ನು ರೋಗಿಯಾಗಿಸಿದ್ದು ಈ ಮೂರೇ. ಔಷಧಿಯನ್ನು ರೋಗದ ಬೇರಿಗೇ ಹಾಕಿದರು. ಅದೇ ವರ್ಷ ಹಜ್ಜ್ ನಿರ್ವಹಿಸಿದರು.

ಈ ವರ್ಷಗಳಲ್ಲಿಯೇ ಇಹ್ಯಾ ಉಲೂಮಿದ್ದೀನ್ ಎಂಬ ಅವರ ಮೇರುಕೃತಿ ರೂಪುಗೊಂಡಿತು. ಧಾರ್ಮಿಕ ಜ್ಞಾನಗಳ ಪುನರುಜ್ಜೀವನ ಎಂದು ಆ ಹೆಸರಿನ ಅರ್ಥ. ನಾಲ್ಕು ಭಾಗಗಳು, ಒಂದೊಂದರಲ್ಲಿ ಹತ್ತು ಅಧ್ಯಾಯ ಗ್ರಂಥಗಳು, ಒಟ್ಟು ನಲವತ್ತು. ಆರಾಧನೆಗಳು, ದೈನಂದಿನ ನಡವಳಿಕೆಗಳು, ನಾಶಕ್ಕೆ ಒಯ್ಯುವ ದುರ್ಗುಣಗಳು, ಮೋಕ್ಷಕ್ಕೆ ಒಯ್ಯುವ ಸದ್ಗುಣಗಳು ಎಂಬುದು ಅದರ ಅನುಕ್ರಮ. ಮೊದಲ ಗ್ರಂಥವೇ ಜ್ಞಾನದ ಕುರಿತಾದದ್ದು. ಗುರು ಹೇಗಿರಬೇಕು, ಶಿಷ್ಯ ಹೇಗಿರಬೇಕು, ಯಾವ ವಿದ್ಯೆ ಪರಲೋಕಕ್ಕೆ ಉಪಯುಕ್ತ ಎಂಬ ಚರ್ಚೆ ಅಲ್ಲಿದೆ. ಸಹನೆ ಮತ್ತು ಕೃತಜ್ಞತೆ, ಭಯ ಮತ್ತು ನಿರೀಕ್ಷೆ, ತವಕ್ಕುಲ್, ನಿಯ್ಯತ್ ಮತ್ತು ಇಖ್ಲಾಸ್ ಮೊದಲಾದವು ಕೊನೆಯ ಭಾಗದಲ್ಲಿ ಬರುತ್ತವೆ. ನಮಾಝ್, ಉಪವಾಸಗಳ ಹೊರರೂಪದ ಜೊತೆಗೆ ಅವುಗಳ ಒಳಜೀವವನ್ನೂ ವಿವರಿಸುವ ಗ್ರಂಥವಿದು. ಎಲ್ಲರೂ ಅದನ್ನು ಮೆಚ್ಚಿಕೊಳ್ಳಲಿಲ್ಲ. 1109ರಲ್ಲಿ, ಗ್ರಂಥಕರ್ತರು ಜೀವಂತವಿರುವಾಗಲೇ, ಸ್ಪೇನಿನ ಕುರ್ತುಬಾದಲ್ಲಿ ಅದರ ಪ್ರತಿಗಳನ್ನು ಸುಡಲಾಯಿತು. ಸುಟ್ಟವರನ್ನು ಲೋಕ ಮರೆಯಿತು, ಗ್ರಂಥ ಇಂದಿಗೂ ಉಳಿದಿದೆ.

ಮಕ್ಕಳ ಕರೆ ಅವರನ್ನು ಊರಿಗೆ ಎಳೆಯಿತು. 1097ರಲ್ಲಿ ಬಗ್ದಾದ್ ಮೂಲಕ ಹಾದು ತೂಸ್‌ಗೆ ಮರಳಿದರು. ಎರಡು ವರ್ಷಗಳ ಬಳಿಕ, 1099ರಲ್ಲಿ, ಬೈತುಲ್ ಮುಖದ್ದಸ್ ಕ್ರುಸೇಡರ ವಶವಾಯಿತು. ಊರಿನಲ್ಲಿಯೂ ಅವರು ಏಕಾಂತವನ್ನೇ ಬಯಸಿದರು. ಆದರೆ ಸಂಸಾರದ ಚಿಂತೆ, ಜೀವನೋಪಾಯದ ತೊಡಕು, ಕಾಲದ ಏರುಪೇರು ಇವು ಆಗಾಗ ಏಕಾಂತವನ್ನು ಕದಡುತ್ತಿದ್ದವು. ಪೂರ್ಣ ನೆಮ್ಮದಿ ನಡುನಡುವೆ ಮಾತ್ರ ಸಿಗುತ್ತಿತ್ತು, ಆದರೂ ತಾನು ಆಸೆ ಬಿಡಲಿಲ್ಲ ಎಂದು ಅವರು ಪ್ರಾಮಾಣಿಕವಾಗಿ ಬರೆದಿದ್ದಾರೆ. ಒಮ್ಮೆ ತೌಬಾ ಮಾಡಿದರೆ ಎಲ್ಲ ಸರಿಹೋಗುತ್ತದೆ ಎಂದು ಭಾವಿಸಿ, ನಾಲ್ಕು ದಿನದಲ್ಲಿ ನಿರಾಶರಾಗುವ ನಮಗೆಲ್ಲ ಈ ಮಾತು ದೊಡ್ಡ ಸಾಂತ್ವನ.

ಅದೇ ಕೆಲಸ, ಬೇರೆ ನಿಯ್ಯತ್

ಕಥೆ ಇಲ್ಲಿಗೇ ಮುಗಿದಿದ್ದರೆ, ಲೋಕ ಬಿಟ್ಟು ಓಡುವುದೇ ಪರಿಹಾರ ಎಂದು ಯಾರಾದರೂ ಅರ್ಥ ಮಾಡಿಕೊಳ್ಳುತ್ತಿದ್ದರೇನೋ. ಅಲ್ಲಾಹನ ಇಚ್ಛೆ ಬೇರೆಯಿತ್ತು. ಜನರಲ್ಲಿ ವಿಶ್ವಾಸ ದುರ್ಬಲವಾಗುತ್ತಿರುವುದನ್ನು ಕಂಡು ಗಝ್ಝಾಲಿಯವರಿಗೆ ಕಳವಳವಾಗುತ್ತಿತ್ತು. ರೋಗ ಎಲ್ಲೆಡೆ ಹರಡಿ, ವೈದ್ಯರೇ ಹಾಸಿಗೆ ಹಿಡಿದಿರುವಾಗ ಮೂಲೆಯಲ್ಲಿ ಕುಳಿತು ಫಲವೇನು ಎಂದು ತಮ್ಮನ್ನೇ ಕೇಳಿಕೊಂಡರು. ನಿಝಾಮುಲ್ ಮುಲ್ಕ್‌ರ ಪುತ್ರ, ವಝೀರ್ ಫಖ್ರುಲ್ ಮುಲ್ಕ್ ಅವರನ್ನು ನೈಶಾಪೂರಿನ ನಿಝಾಮಿಯ್ಯದಲ್ಲಿ ಪಾಠ ಹೇಳಲು ಒತ್ತಾಯಿಸಿದರು. ಗಝ್ಝಾಲಿಯವರು ಸಜ್ಜನರ ಸಲಹೆ ಕೇಳಿದರು. ಎಲ್ಲರೂ ಹೊರಡುವಂತೆಯೇ ಹೇಳಿದರು. ಹಿಜರಿ ಐದನೆಯ ಶತಮಾನ ಮುಗಿಯುತ್ತಿದ್ದ ಕಾಲವದು. ಪ್ರತಿ ಶತಮಾನದ ಆರಂಭದಲ್ಲಿ ಅಲ್ಲಾಹನು ಧರ್ಮವನ್ನು ನವೀಕರಿಸುವವರನ್ನು ಕಳುಹಿಸುವನೆಂಬ ಪ್ರವಾದಿ(ಸ)ಯವರ ಶುಭವಾರ್ತೆಯೂ ಅವರಿಗೆ ಭರವಸೆ ನೀಡಿತು. ಹಿಜರಿ 499ರಲ್ಲಿ, ಅಂದರೆ 1106ರಲ್ಲಿ, ಬಗ್ದಾದ್ ಬಿಟ್ಟ ಹನ್ನೊಂದು ಹಿಜರಿ ವರ್ಷಗಳ ಬಳಿಕ ಅವರು ಮತ್ತೆ ಗುರುಪೀಠವೇರಿದರು.

ನೋಡುವವರಿಗೆ ಇದು ಹಿಂದಿರುಗಿ ಬಂದಂತೆ ಕಂಡಿತು. ಅವರು ಅದನ್ನು ಒಪ್ಪಲಿಲ್ಲ. ಹಿಂದಿರುಗುವುದೆಂದರೆ ಮೊದಲಿದ್ದ ಸ್ಥಿತಿಗೆ ಮರಳುವುದು. ಅಂದು ತಾನು ಕೀರ್ತಿ ಗಳಿಸಿಕೊಡುವ ವಿದ್ಯೆಯನ್ನು ಕಲಿಸುತ್ತಿದ್ದೆ, ಈಗ ಕೀರ್ತಿಯ ಆಸೆಯನ್ನು ಬಿಡಿಸುವ ವಿದ್ಯೆಯನ್ನು ಕಲಿಸುತ್ತಿದ್ದೇನೆ ಎಂಬುದು ಅವರ ವಿವರಣೆ. ಅದೇ ಅಧ್ಯಾಪನದ ಕೆಲಸ. ಬದಲಾದದ್ದು ನಿಯ್ಯತ್ ಒಂದೇ. ಸಹೀಹುಲ್ ಬುಖಾರಿ ಆರಂಭವಾಗುವುದೇ ನಿಯ್ಯತ್‌ನ ಹದೀಸ್‌ನಿಂದ ಎಂಬುದು ನಿಮಗೆ ಗೊತ್ತಿರುವ ವಿಷಯ.

ಈ ಬದಲಾವಣೆ ನಿಜವೋ ನಟನೆಯೋ ಎಂಬ ಸಂಶಯ ಅಬ್ದುಲ್ ಗಾಫಿರ್ ಅಲ್ ಫಾರಿಸಿಯವರಿಗೂ ಇತ್ತು. ಹಿಂದಿನ ಅಹಂಕಾರವನ್ನು ಬಲ್ಲವರು ಅವರು. ಹಲವು ಬಾರಿ ಭೇಟಿ ಮಾಡಿ, ಸೂಕ್ಷ್ಮವಾಗಿ ಗಮನಿಸಿ, ವಿಚಾರಿಸಿದ ಮೇಲೆ ಆ ಮನುಷ್ಯ ನಿಜವಾಗಿಯೂ ಬದಲಾಗಿದ್ದಾರೆಂದು ಸಾಕ್ಷಿ ನುಡಿದರು.

ಪ್ರತಿಜ್ಞೆಗಳ ಪರೀಕ್ಷೆಯೂ ನಡೆಯಿತು. ಎದುರಾಳಿಗಳ ದೂರಿನಿಂದಾಗಿ ಸಂಜರ್ ಅವರನ್ನು ಕರೆಸಿದಾಗ, ಅಲ್ ಖಲೀಲ್‌ನ ಪ್ರತಿಜ್ಞೆಯನ್ನು ನೆನಪಿಸಿ ತನ್ನನ್ನು ಬಿಟ್ಟುಬಿಡುವಂತೆ ಪತ್ರ ಬರೆದರು. ಆದರೆ ತೂಸ್‌ನ ಬಡಜನರ ವಿಷಯದಲ್ಲಿ ಸುಮ್ಮನಿರಲಿಲ್ಲ. ಚಳಿ ಮತ್ತು ಬರದಿಂದ ಬೆಳೆ ಕಳೆದುಕೊಂಡ ರೈತರ ಗೋಳನ್ನು ಅರಸನ ಮುಂದಿಟ್ಟರು. ಪ್ರಜೆಗಳ ಕೊರಳು ಸಂಕಟದ ಭಾರಕ್ಕೆ ಮುರಿಯುತ್ತಿರುವಾಗ ಅರಮನೆಯ ಕುದುರೆಗಳ ಕೊರಳಲ್ಲಿ ಚಿನ್ನ ಹೊಳೆಯುತ್ತಿದೆ ಎಂದು ನಿರ್ಭಯವಾಗಿ ಎಚ್ಚರಿಸಿದರು. ತನಗಾಗಿ ಏನೂ ಬೇಡದವನ ಧ್ವನಿಗೆ ಎಷ್ಟು ಬಲವಿರುತ್ತದೆ ನೋಡಿ.

ಕೆಲವು ವರ್ಷಗಳ ಬಳಿಕ ಅವರು ತೂಸ್‌ಗೆ ಮರಳಿ, ಮನೆಯ ಪಕ್ಕದಲ್ಲಿ ಒಂದು ಮದ್ರಸ ಮತ್ತು ಸೂಫಿಗಳಿಗಾಗಿ ಖಾನ್‌ಖಾಹ್ ಕಟ್ಟಿಸಿದರು. ಬಗ್ದಾದಿನ ಹಳೆಯ ಹುದ್ದೆ ಮತ್ತೊಮ್ಮೆ ಅವರನ್ನು ಅರಸಿ ಬಂತು. ತೂಸ್‌ನಲ್ಲಿ ನೂರೈವತ್ತು ವಿದ್ಯಾರ್ಥಿಗಳು ತಮ್ಮನ್ನು ನಂಬಿದ್ದಾರೆ, ಅವರನ್ನು ಬಿಟ್ಟು ಬರಲಾರೆ, ಪ್ರತಿಜ್ಞೆಯನ್ನೂ ಮುರಿಯಲಾರೆ ಎಂದು ವಿನಯದಿಂದ ನಿರಾಕರಿಸಿದರು. ಒಂದು ಕಾಲಕ್ಕೆ ಬಗ್ದಾದಿನ ಮುನ್ನೂರು ಮಂದಿಯೂ ತುಂಬಲಾಗದ ಹೃದಯವನ್ನು ಊರಿನ ಈ ನೂರೈವತ್ತು ಮಂದಿ ತುಂಬಿದ್ದರು.

ಕೊನೆಯ ದಿನಗಳು ಕುರ್‌ಆನ್ ಪಾರಾಯಣದಲ್ಲಿ, ಬುಖಾರಿ ಮತ್ತು ಮುಸ್ಲಿಮ್ ಹದೀಸ್ ಗ್ರಂಥಗಳ ಅಧ್ಯಯನದಲ್ಲಿ ಕಳೆದವು. ಹುಜ್ಜತುಲ್ ಇಸ್ಲಾಮ್ ಎನಿಸಿಕೊಂಡವರು ಕೊನೆಯವರೆಗೂ ವಿದ್ಯಾರ್ಥಿಯಾಗಿಯೇ ಉಳಿದರು. ಹಿಜರಿ 505ರ ಜುಮಾದಲ್ ಆಖಿರ್ 14ರಂದು, ಅಂದರೆ 1111ರ ಡಿಸೆಂಬರ್‌ನಲ್ಲಿ, ಒಂದು ಸೋಮವಾರ ಮುಂಜಾನೆ ವುದೂ ಮಾಡಿ ನಮಾಝ್ ನಿರ್ವಹಿಸಿದರು. ಬಳಿಕ ಕಫನ್ ತರಿಸಿ, ಅದನ್ನು ಚುಂಬಿಸಿ ಕಣ್ಣಿಗೊತ್ತಿಕೊಂಡು, ಒಡೆಯನ ಕರೆಗೆ ಸಿದ್ಧನಿದ್ದೇನೆಂದು ಹೇಳಿ, ಕಿಬ್ಲಾದ ಕಡೆಗೆ ಕಾಲು ಚಾಚಿ ಮಲಗಿದರು. ಸೂರ್ಯೋದಯದ ಹೊತ್ತಿಗೆ ಅವರು ಅಲ್ಲಾಹನನ್ನು ಸೇರಿದ್ದರು ಎಂಬುದು ಸಹೋದರ ಅಹ್ಮದ್‌ರಿಂದ ಬಂದ ವಿವರ. ಉಣ್ಣೆ ನೂಲುತ್ತಿದ್ದ ಬಡ ತಂದೆಯ ದುಆ ಹೀಗೆ ಪೂರ್ಣವಾಯಿತು.

ನಮಗೇನು ಪಾಠ?

ಪ್ರಿಯ ಓದುಗರೇ, ಈ ಜೀವನವನ್ನು ಓದಿ ನೀವು ಕೆಲಸ ಬಿಡಬೇಕಿಲ್ಲ, ಕಾಲೇಜು ಬಿಡಬೇಕಿಲ್ಲ, ಮಿನಾರ ಹತ್ತಬೇಕಿಲ್ಲ. ಗಝ್ಝಾಲಿಯವರು ಕೇಳಿಕೊಂಡ ಪ್ರಶ್ನೆಯನ್ನು ನೀವೂ ಕೇಳಿಕೊಂಡರೆ ಸಾಕು. ವಿದ್ಯಾರ್ಥಿಗಳೇ, ನೀವು ಓದುತ್ತಿರುವುದು ಯಾರಿಗಾಗಿ? ಅಂಕಕ್ಕಾಗಿ, ಉದ್ಯೋಗಕ್ಕಾಗಿ ಎಂದು ಉತ್ತರ ಬಂದರೆ ನಾಚಬೇಡಿ. ಗಝ್ಝಾಲಿಯವರೂ ಅನ್ನಕ್ಕಾಗಿಯೇ ಆರಂಭಿಸಿದವರು. ಆದರೆ ಅಲ್ಲಿಯೇ ನಿಲ್ಲಬೇಡಿ. ಹಲಾಲ್ ಅನ್ನ ಸಂಪಾದಿಸಿ ತಂದೆತಾಯಿಯರನ್ನು ಸಾಕುವುದು, ಕಲಿತದ್ದನ್ನು ಇನ್ನೊಬ್ಬರಿಗೆ ಕಲಿಸುವುದು ಕೂಡ ಅಲ್ಲಾಹನ ಸಂಪ್ರೀತಿಗಾಗಿ ಎಂಬ ನಿಯ್ಯತ್ ಸೇರಿಸಿಕೊಂಡರೆ ಅದೇ ಓದು ಇಬಾದತ್ ಆಗುತ್ತದೆ. ಸಂಘದ ಸದಸ್ಯರೇ, ವಿದ್ಯಾರ್ಥಿವೇತನ ಹಂಚುವಾಗ, ವೇದಿಕೆ ಹತ್ತುವಾಗ, ಕಟ್ಟಡಕ್ಕೆ ಹೆಸರಿಡುವಾಗ ಇದೇ ಪ್ರಶ್ನೆ ನಮ್ಮ ಮುಂದೆಯೂ ಇರಲಿ.

ನಿಮ್ಮಲ್ಲಿ ಯಾರಾದರೂ ಈಗ ಕಷ್ಟದಲ್ಲಿದ್ದರೆ, ನಾಲಿಗೆಯೇಳದಷ್ಟು ದುಃಖದಲ್ಲಿದ್ದರೆ, ಒಂದು ಮಾತು ನೆನಪಿಡಿ. ಗಝ್ಝಾಲಿಯವರ ಪಾಲಿಗೆ ಆ ಆರು ತಿಂಗಳು ಬದುಕು ಮುಗಿದುಹೋದಂತೆ ಕಂಡಿತ್ತು. ಆದರೆ ನಾವಿಂದು ಅವರನ್ನು ನೆನೆಯುವಂತೆ ಮಾಡಿದ ಇಹ್ಯಾ ಹುಟ್ಟಿದ್ದು ಆ ಕತ್ತಲೆ ಕಳೆದ ಮೇಲೆ. ಮಾತು ಬರದಿದ್ದರೂ ಸುಜೂದ್‌ನಲ್ಲಿ ಹಣೆ ಊರಬಹುದು. ಹೃದಯದ ಮೊರೆಯನ್ನು ಕೇಳಲು ಅಲ್ಲಾಹನಿಗೆ ನಾಲಿಗೆಯ ನೆರವು ಬೇಕಿಲ್ಲ.

ಸರ್ವಶಕ್ತನಾದ ಅಲ್ಲಾಹನು ನಮ್ಮ ವಿದ್ಯೆಯನ್ನು ಪ್ರಯೋಜನಕಾರಿಯನ್ನಾಗಿ ಮಾಡಲಿ, ನಮ್ಮ ನಿಯ್ಯತ್‌ಗಳನ್ನು ಶುದ್ಧಗೊಳಿಸಲಿ, ಕಷ್ಟದಲ್ಲಿರುವ ಎಲ್ಲರ ಹೃದಯಗಳಿಗೆ ನೆಮ್ಮದಿ ನೀಡಲಿ. ಆಮೀನ್.